ಆಪರೇಷನ್ ಮುಗಿದ ಮೇಲೂ ಉಳಿದ ಕೆಲಸ

ಖಾನಾಪುರದ ಬಿಲ್ಕೀಸ ತನ್ನ ಮಗ ಫರಾಜನ ಬಲಗೈಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಿಟಕಿಗೆ ಗಾಜು ಕೂರಿಸುವಾಗ ಅದು ಜಾರಿ ಅವನ ಮಣಿಕಟ್ಟು ಸೀಳಿಹೋಗಿತ್ತು. ಜೊತೆಗಾರ ಗೌರೀಶ ಗಾಯಕ್ಕೆ ಅರಿಸಿನ, ಕಾಫಿಪುಡಿ ಏನೂ ಮೆತ್ತಲಿಲ್ಲ. ಸ್ವಚ್ಛ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿಸಿ, ನೇರ ಬೆಳಗಾವಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿ ವೈದ್ಯರು ಐದು ತಾಸು ಕೂತು, ತುಂಡಾದ ರಕ್ತನಾಳ, ನರ, ಬೆರಳು ಮಡಚುವ ಸ್ನಾಯುಬಳ್ಳಿಗಳನ್ನು ಒಂದೊಂದಾಗಿ ಜೋಡಿಸಿದರು.

ಅದಾಗಿ ನಾಲ್ಕು ವಾರ. ವಾರಕ್ಕೊಮ್ಮೆ ಬೆರಳುಗಳ ವ್ಯಾಯಾಮಕ್ಕೆ ಆಸ್ಪತ್ರೆಗೆ ಬರಲು ಹೇಳಿದ್ದರು. ಮೊದಲ ಸಲವೇ ಮಗ ನೋವಿಗೆ ಹಲ್ಲು ಕಚ್ಚಿದ್ದನ್ನು ಕಂಡ ಬಿಲ್ಕೀಸ ಮತ್ತೆ ಕಳಿಸಿರಲಿಲ್ಲ.

ಆಶಾ ಕಾರ್ಯಕರ್ತೆ ಪೂರ್ಣಿಮಾ ಮನೆಗೆ ಬಂದಾಗ ಅವನ ಬೆರಳುಗಳು ಕೊಕ್ಕೆಯಂತೆ ಬಾಗಿ ಸೆಟೆದಿದ್ದವು.

"ಚಾಚಿ, ವ್ಯಾಯಾಮಕ್ಕ ಯಾಕ ಹೋಗಿಲ್ರಿ?"

"ಹರದದ್ದು ಈಗಷ್ಟ ಕೂಡೇತವ್ವಾ. ಎಳದಾಡಿದ್ರ ಮತ್ತ ಕಿತ್ತು ಬಂದೀತು. ಆರಾಮ ಇರಲಿ ಬಿಡು."

"ನಮಗ ತಿಳಿದಂಗ ಎಳದ್ರ ಖರೇನ ಕಿತ್ತೀತು. ಅದಕ್ಕ ನಾನೂ ಮುಟ್ಟಂಗಿಲ್ಲ. ಆದ್ರ ಸುಮ್ನ ಬಿಟ್ರ ಒಳಗ ಅಂಟಿಕೊಂಡು ಬೆರಳು ಬಿಗಿದು ಹೋಗತಾವ್ರಿ. ಎಷ್ಟು ಅಲುಗಸಬೇಕು, ಹೆಂಗ ಅಲುಗಸಬೇಕು, ಅದು ವ್ಯಾಯಾಮ ಮಾಡಸೋರಿಗೆ ಗೊತ್ತು. ನಾಳೆ ಮೂವರೂ ಹೋಗೂಣು."

ಫರಾಜ ಮೆಲ್ಲಗೆ ಹೇಳಿದ: "ಅಮ್ಮೀ, ನೋವು ತಡಕೋತೀನಿ. ಈ ಕೈ ಹಿಂಗ ಉಳದ್ರ ತಡಕೊಳ್ಳಾಕ ಆಗಂಗಿಲ್ಲ."

ಮರುದಿನ ಬೆಳಗಾವಿಯಲ್ಲಿ ಫಿಸಿಯೋಥೆರಪಿಯ ಡಾಕ್ಟರಮ್ಮ ಬೈಯಲಿಲ್ಲ. "ತಡ ಆಗೇತಿ. ಇನ್ನ ತಡ ಮಾಡಬ್ಯಾಡ್ರಿ," ಎಂದರು. ಒಂದೊಂದೇ ಬೆರಳನ್ನು ನಿಧಾನ ಮಡಚಿ, ಅದೇ ಕೆಲಸವನ್ನು ಬಿಲ್ಕೀಸಳಿಂದ ಮಾಡಿಸಿದರು. ಅವಳು ನಡುವೆಯೇ ನಿಲ್ಲಿಸಿ ಕೇಳಿದಳು:

"ಕಿತ್ತು ಬರಂಗಿಲ್ರೀ?"

"ನಾ ತೋರಿಸಿದಷ್ಟ ಮಾಡಿದ್ರ ಬರಂಗಿಲ್ಲ."

ಅಂದಿನಿಂದ ಹೇಳಿದ ಹೊತ್ತಿಗೆ ತಾಯಿ ಮಗ ಎದುರುಬದುರು ಕೂತರು. ಕೆಲವು ದಿನ ಅವನು ನರಳಿದರೆ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು, ಎದ್ದು ಮಾತ್ರ ಹೋಗುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ಫರಾಜ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡ. ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಭಾರದ ಗಾಜು ಎತ್ತಲು ವೈದ್ಯರು ಇನ್ನೂ ಒಪ್ಪಿಲ್ಲ. ಆದರೂ ಕಿಟಕಿಗಳ ಅಳತೆ ತೆಗೆಯಲು ಅವನು ಕೆಲಸಕ್ಕೆ ಹೋಗುತ್ತಾನೆ.

ಕೈಗೆ ದೊಡ್ಡ ಗಾಯವಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆ ಮುಟ್ಟಿಸಿ. ನಿಮ್ಮ ಮನೆಯಲ್ಲಿ ಕೈ ಆಪರೇಷನ್ ಆದವರಿದ್ದರೆ ಇವತ್ತೇ ಕೇಳಿ: "ವ್ಯಾಯಾಮಕ್ಕೆ ಹೋಗುವ ದಿನ ಯಾವುದು?" ಆ ದಿನ ನೀವೂ ಜೊತೆಗೆ ಹೋಗಿ.