ಸೋಮವಾರದ ನೆತ್ತರು

ನಾನು ನೆತ್ತರು ತಿರುಗಿಸುವ ಒಂದು ಯಂತ್ರ. ಕಾಗದದ ಮೇಲೆ ನನ್ನ ಹೆಸರು ಸೆಂಟ್ರಿಫ್ಯೂಜ್. ಗುಳೇದಗುಡ್ಡದ ಹೆಂಗಸರ ಬಾಯಲ್ಲಿ ಗಿರಣಿ. ಹುಟ್ಟಿದ್ದು ದೂರದ ಅಂಬಾಲಾದ ಒಂದು ಶೆಡ್ಡಿನಲ್ಲಿ. ಎಂಟು ಕೊಳವೆ ಹಿಡಿಯುವ ಹೊಟ್ಟೆ, ಮೇಲೊಂದು ಮುಚ್ಚಳ, ಇಷ್ಟೇ ನನ್ನ ಮೈ. ಹಟವೂ ಒಂದೇ: ಎದುರುಬದುರಿನ ಕೊಳವೆಗಳ ತೂಕ ಸಮ ಇರಬೇಕು. ಇಲ್ಲದಿದ್ದರೆ ಮೇಜು ಬಿಟ್ಟು ಇಳಿಯುವಷ್ಟು ರಂಪ ಮಾಡುತ್ತೇನೆ.

ಮೊದಲು ಧಾರವಾಡದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕೈಗೆ ಸಿಕ್ಕು ಐದು ವರ್ಷ ಹೈರಾಣಾದೆ. ಆಮೇಲೆ ಡಾ. ಇಂದುಮತಿ ಕೊರ್ಲಹಳ್ಳಿ ಎಂಬುವರು ನನ್ನನ್ನು ಜೀಪಿನಲ್ಲಿ ಹಾಸಿಗೆಯ ಸುರುಳಿಯ ಮೇಲೆ ಕೂರಿಸಿಕೊಂಡು ಗುಳೇದಗುಡ್ಡಕ್ಕೆ ತಂದರು. ಸಕ್ಕರೆ ಕಾಯಿಲೆಯ ಸಂಶೋಧಕಿ. ಮಾತು ಕಡಿಮೆ, ನಡಿಗೆ ಚುರುಕು. ಕುಪ್ಪಸದ ಖಣ ನೇಯುವ ಸಣಕಲು ಹೆಂಗಸರಿಗೆ, ಮೈಯಲ್ಲಿ ತೊಲದಷ್ಟೂ ಕೊಬ್ಬಿಲ್ಲದವರಿಗೆ, ಈ ಕಾಯಿಲೆ ಯಾಕೆ ಬರುತ್ತದೆ ಎಂಬುದು ಅವರ ಪ್ರಶ್ನೆ.

ಪರೀಕ್ಷೆಗೆ ಹಿಂದಿನ ರಾತ್ರಿಯಿಂದ ಏನೂ ತಿನ್ನದವರ ನೆತ್ತರು ಬೇಕು. ಡಾಕ್ಟರು ಇಲ್ಲಿ ಜಾಣತನ ಮಾಡಿದರು. ಹೇಗೂ ಈ ಊರಿನ ಹೆಂಗಸರು ಸೋಮವಾರ ಉಪವಾಸ ಮಾಡುತ್ತಾರೆ. ಆ ದಿನವೇ ನೆತ್ತರು ತೆಗೆದರೆ ಯಾರಿಗೂ ತೊಂದರೆಯಿಲ್ಲ. ಡಾಕ್ಟರ ಮನೆಯಲ್ಲಿ ಅಜ್ಜಿ ಏಕಾದಶಿಗೆ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಉಪವಾಸ ಎಂದರೆ ಅವರಿಗೆ ಅದೇ.

ಮೂರು ವರ್ಷ ಪ್ರತಿ ಸೋಮವಾರ ತಿರುಗಿದೆ. ತಿರುಗಿಸಿದಾಗ ನೆತ್ತರಿನ ಕೆಂಪು ಕೆಳಗೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಬರಿಹೊಟ್ಟೆಯವರ ತಿಳಿಗೆ ಹೊನ್ನಿನ ಬಣ್ಣ. ಇಲ್ಲಿ ಮಾತ್ರ ಕೊಳವೆಯ ಮೇಲೆ ಕೊಳವೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಬಂತು. ಸಕ್ಕರೆಯೂ ಹೆಚ್ಚು. ಇದು ಉಂಡವರ ನೆತ್ತರು ಎಂದು ನನಗೆ ಮೊದಲ ತಿಂಗಳೇ ಗೊತ್ತಾಯಿತು. ಹೇಳಲು ಬಾಯಿ ಎಲ್ಲಿದೆ? ಲ್ಯಾಬಿನ ಗುರುಪಾದ ಒಬ್ಬೊಬ್ಬರನ್ನೂ ಉಪವಾಸವೇ ಎಂದು ಕೇಳುತ್ತಿದ್ದ, ಅವರು ಹೂಂ ಅನ್ನುತ್ತಿದ್ದರು. ಡಾಕ್ಟರು ಕೊಳವೆಯನ್ನು ಬೆಳಕಿಗೆ ಹಿಡಿದು, ಹೊಸ ಕಾಯಿಲೆಯನ್ನೇ ಕಂಡೆನೆಂದು ಉಸಿರು ಬಿಗಿಹಿಡಿಯುತ್ತಿದ್ದರು. ಮೂವತ್ತೆಂಟು ಹೆಂಗಸರಿಗೆ ಸಕ್ಕರೆ ಇಳಿಸುವ ಗುಳಿಗೆ ಶುರುವಾಯಿತು. ಪುಣೆಯ ಸಮ್ಮೇಳನಕ್ಕೆ ಪ್ರಬಂಧವೂ ಸಿದ್ಧವಾಯಿತು.

ಸಮ್ಮೇಳನಕ್ಕೆ ಐದೇ ದಿನ ಇತ್ತು. ಬುಧವಾರ ಬೆಳಿಗ್ಗೆ ಮಾನಂದವ್ವ ಎಂಬ ನೇಕಾರ ಹೆಂಗಸನ್ನು ಇಬ್ಬರು ಹೊತ್ತುಕೊಂಡು ಬಂದರು. ಮಗ್ಗದ ಕುಣಿಯಲ್ಲೇ ಕುಸಿದಿದ್ದಳು. ಮೈಯೆಲ್ಲ ತಣ್ಣನೆಯ ಬೆವರು. ಗುರುಪಾದ ಬೆರಳು ಚುಚ್ಚಿ ನೋಡಿದ. ಸಕ್ಕರೆ ಬರೀ ನಲವತ್ತೊಂದು. ಡಾಕ್ಟರು ನರಕ್ಕೆ ಗ್ಲೂಕೋಸ್ ಕೊಟ್ಟರು. ಕಣ್ಣು ತೆರೆಯಲಿಲ್ಲ. ಇನ್ನಷ್ಟು ಕೊಟ್ಟು ಹೆಸರು ಹಿಡಿದು ಕೂಗಿದರು.

ಕೊನೆಗೂ ಕಣ್ಣು ಬಿಟ್ಟಳು. ಗುಳಿಗೆ ನುಂಗಿ ಏನೂ ತಿನ್ನದೆ ಯಾಕೆ ಕೂತಿರಿ ಎಂದು ಡಾಕ್ಟರು ಕೇಳಿದರು.

“ಇವತ್ತೇನ್ ಉಪಾಸ ಅಲ್ಲಲ್ರೀ,” ಎಂದಳು ಮಾನಂದವ್ವ. “ಉಪಾಸ ಇದ್ದಿದ್ರ ತಿಂದಿರ್ತಿದ್ದೆ.”

ಡಾಕ್ಟರು ಮೆಲ್ಲಗೆ ಒಂದೊಂದೇ ಕೇಳಿದರು. ಉಳಿದ ದಿನ ನಸುಕಿಗೆ ಮಗ್ಗಕ್ಕೆ ಕೂತರೆ ಹನ್ನೊಂದರವರೆಗೆ ಗುಟುಕು ಚಹಾ, ಅಷ್ಟೇ. ಸೋಮವಾರ ರೊಟ್ಟಿ, ಅನ್ನ ಮುಟ್ಟುವಂತಿಲ್ಲ. ಅದಕ್ಕೇ ಬೇಗ ಎದ್ದು ಪೂಜೆ ಮುಗಿಸಿ ತುಪ್ಪದ ಸಾಬೂದಾಣಿ ಖಿಚಡಿ, ಎರಡು ಬಾಳೆಹಣ್ಣು, ಕೆನೆಹಾಲು. ಓಣಿಯೆಲ್ಲ ಹಾಗೇ. ಮೇಲೆ ನೆತ್ತರು ಕೊಡಬೇಕಲ್ಲ ಎಂದು ಒಂದು ಶೇಂಗಾ ಉಂಡಿ ಹೆಚ್ಚಿಗೆ.

ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟರು. ಗುರುಪಾದ ತಲೆ ತಗ್ಗಿಸಿದ.

“ನಮ್ಮ ಮನ್ಯಾಗೂ ಹಂಗರೀ ಮೇಡಂ. ನಿಮಗ ಗೊತ್ತೈತಿ ಅನ್ಕೊಂಡಿದ್ದೆ.”

ಮಾನಂದವ್ವನನ್ನು ಒಂದು ದಿನ ಅಲ್ಲೇ ಇರಿಸಿಕೊಂಡರು, ಅವಳ ಗುಳಿಗೆ ನಿಲ್ಲಿಸಿದರು. ಉಣ್ಣದೆ ಗುಳಿಗೆ ನುಂಗಬೇಡಿ ಎಂದು ಉಳಿದವರಿಗೆ ಗುರುಪಾದನ ಕೈಲಿ ಹೇಳಿ ಕಳಿಸಿದರು. ಧಾರವಾಡದ ಹಿರಿಯ ಪ್ರೊಫೆಸರು ಫೋನಿನಲ್ಲಿ ಬುದ್ಧಿ ಹೇಳಿದರು: ಪುಣೆಯಲ್ಲಿ ಖಿಚಡಿಯ ವಿಚಾರ ಯಾರು ಕೇಳುತ್ತಾರೆ, ಮೊದಲು ಮಂಡಿಸಿ ಬಾ, ಆಮೇಲೆ ಸದ್ದಿಲ್ಲದೆ ಸರಿಮಾಡು. ಡಾಕ್ಟರು ಫೋನ್ ಇಟ್ಟರು. ಮೂರು ದಿನ ಅವರು ಸರಿಯಾಗಿ ಊಟ ಮಾಡಿದ್ದು ನಾನು ಕಾಣೆ.

ಶನಿವಾರ ಮಾನಂದವ್ವ ನಿಜವಾದ ಬರಿಹೊಟ್ಟೆಯಲ್ಲಿ ಬಂದಳು. ಒಂದೇ ಕೊಳವೆ. ನನ್ನ ಹಟಕ್ಕಾಗಿ ಎದುರಿಗೆ ಇಡಲು ಗುರುಪಾದ ನೀರಿನ ಕೊಳವೆ ಹುಡುಕುತ್ತಿದ್ದ. ಡಾಕ್ಟರು ಅವನನ್ನು ತಡೆದು ತಮ್ಮ ತೋಳು ಚಾಚಿದರು. ಅವರೂ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ.

ನಾನು ತಿರುಗಿದೆ. ಡಾಕ್ಟರು ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದರು. ಬೆಳ್ಳಗ ಬರಲಿ, ಬೆಳ್ಳಗ ಬರಲಿ ಎಂದು ತುಟಿಯಲ್ಲೇ ಅನ್ನುತ್ತಿದ್ದರು. ಆ ಹೆಂಗಸಿಗೆ ಕಾಯಿಲೆ ಇರಲಿ ಎಂದು! ಏನು ಬೇಡುತ್ತಿದ್ದೇನೆಂದು ಅವರಿಗೇ ಹೊಳೆದಿರಬೇಕು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ನಿಂತೆ. ಮುಚ್ಚಳ ತೆಗೆದರು. ಎರಡೂ ಹೊನ್ನಿನ ಬಣ್ಣ. ಚೀಟಿ ನೋಡದೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಮಾನಂದವ್ವನ ಸಕ್ಕರೆ ಎಂಬತ್ನಾಲ್ಕು.

“ನಿಮಗೇನೂ ಜಡ್ಡಿಲ್ಲವ್ವಾ,” ಎಂದರು ಡಾಕ್ಟರು. “ತಪ್ಪು ನಂದು.”

ಅವರು ಪುಣೆಗೆ ಹೋಗಲಿಲ್ಲ, ಪತ್ರ ಬರೆದು ಪ್ರಬಂಧ ಹಿಂತೆಗೆದುಕೊಂಡರು. ವೇದಿಕೆಯ ಮೇಲೆ ನಿಲ್ಲಬೇಕಾಗಿದ್ದ ಸೋಮವಾರ ಓಣಿ ಓಣಿ ತಿರುಗಿ, ಗುಳಿಗೆ ನಿಲ್ಲಿಸಿ ಎಲ್ಲರನ್ನೂ ಮರುಪರೀಕ್ಷೆಗೆ ಕರೆದರು. ಮೂವತ್ತೆಂಟರಲ್ಲಿ ನಾಲ್ವರಿಗೆ ಮಾತ್ರ ಕಾಯಿಲೆ ನಿಜವಿತ್ತು. ಆ ನಾಲ್ವರಿಂದ ಮತ್ತೆ ಶುರುಮಾಡಿ ಹನ್ನೊಂದು ವರ್ಷ ಅದೇ ಊರಿನಲ್ಲಿ ದುಡಿದರು. ದೊಡ್ಡ ಹೆಸರೇನೂ ಬರಲಿಲ್ಲ.

ನನ್ನ ಮೋಟಾರು ಸುಟ್ಟು ಬಹಳ ವರ್ಷವಾಯಿತು. ಈಗ ಮತ್ತೆ ಧಾರವಾಡದ ಅದೇ ಕಾಲೇಜಿಗೆ ಮರಳಿ, ಲ್ಯಾಬಿನ ಮೂಲೆಯಲ್ಲಿ, ಹೊಸ ಯಂತ್ರದ ಮೇಜಿನ ಕೆಳಗಿದ್ದೇನೆ. ಮೊನ್ನೆ ಡಾಕ್ಟರು ತಮ್ಮದೇ ನೆತ್ತರಿನ ಪರೀಕ್ಷೆಗೆ ಬಂದಿದ್ದರು. ತಲೆ ಪೂರ್ತಿ ನೆರೆತಿದೆ. ಹೊಸ ಹುಡುಗಿ ಸೂಜಿ ಹಿಡಿದು, ಉಪವಾಸ ಇದ್ದೀರಾ ಮೇಡಂ ಎಂದಳು. ಅವರು ತೋಳು ಹಿಂದಕ್ಕೆಳೆದುಕೊಂಡರು.

“ಹಂಗ ಕೇಳಬ್ಯಾಡವಾ. ಕಡೀಕ ಏನು ತಿಂದ್ರಿ, ಯಾವಾಗ ತಿಂದ್ರಿ ಅಂತ ಕೇಳು.”

ಹುಡುಗಿ ಹಾಗೇ ಕೇಳಿದಳು. ಡಾಕ್ಟರು ಬಾಯಿ ತೆರೆದವರು ತಡೆದರು, ಯೋಚಿಸಿದರು, ಆಮೇಲೆ ನಕ್ಕುಬಿಟ್ಟರು. ಬೆಳಿಗ್ಗೆ ಪೇಪರ್ ಓದುತ್ತ ಚಹಾದ ಜೊತೆ ಒಂದು ಬಿಸ್ಕೀಟು ಹೋಗಿತ್ತು. ನಾಳೆ ಬರುತ್ತೇನೆಂದು ರವಿಕೆಯ ತೋಳು ಇಳಿಸಿಕೊಂಡು ಎದ್ದರು. ಹೊರಡುವ ಮುಂಚೆ ಬಗ್ಗಿ, ನನ್ನ ಮುಚ್ಚಳದ ಧೂಳನ್ನು ಸೆರಗಿನಿಂದ ಒರೆಸಿದರು.