ನೆಲಕ್ಕೆ ಚೆಲ್ಲಿದ ರೊಟ್ಟಿ

"ಈ ಅಣ್ಣ ತಂಗಿ ಇದಾರಲ್ಲ, ಕಾಡಿಂದ ವಾಪಸ್ ಬರೋಕೆ ದಾರಿ ಗೊತ್ತಾಗ್ಲಿ ಅಂತ ಏನು ಮಾಡಿದ್ರು ಗೊತ್ತಾ?" ಎನ್ನುತ್ತ ವೆನೆರಾ ರೊಟ್ಟಿಯಿಂದ ಒಂದು ಚೂರು ಮುರಿದು ತರಗತಿಯ ನೆಲಕ್ಕೆ ಹಾಕಿದಳು. ಎರಡು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಚೂರು ಹಾಕಿದಳು.

ಕೋಣೆ ಬೆಚ್ಚಗಿಡುವ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದ ಬುರುಲಳ ಕೈ ಅಲ್ಲೇ ನಿಂತಿತು. ಎರಡನೇ ತರಗತಿಯ ಹದಿನಾಲ್ಕು ಮಕ್ಕಳೂ ನೆಲ ನೋಡಿದರು. ಅದು ಉಮ್ಸುನಾಯಳ ಮನೆಯ ರೊಟ್ಟಿ. ಅತಿಥಿ ಬರುತ್ತಾರೆಂದು ಅವಳ ತಾಯಿ ಬೆಳಿಗ್ಗೆ ಬೇಗ ಎದ್ದು ಸುಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಳು.

ವೆನೆರಾ ರಾಜಧಾನಿ ಬಿಷ್ಕೆಕ್‌ನವಳು. ಹಳ್ಳಿ ಶಾಲೆಗಳಿಗೆ ಹೋಗಿ ಜಗತ್ತಿನ ಹಳೆಯ ಕಥೆಗಳನ್ನು ಮಕ್ಕಳಿಗೆ ಪರಿಚಯಿಸುವುದು ಅವಳ ಸಂಸ್ಥೆಯ ಕೆಲಸ. ಪಾಠ ಮುಗಿದು ಫೋಟೊ ತೆಗೆದ ಮೇಲೆ ಒಂದು ಪೆಟ್ಟಿಗೆ ಕಥೆಪುಸ್ತಕ ಬಿಟ್ಟುಹೋಗುತ್ತಾಳೆ. ಪೆಟ್ಟಿಗೆ ಇನ್ನೂ ಹೊರಗೆ ಕಾರಿನಲ್ಲೇ ಇತ್ತು.

ಬುರುಲ್ ಎಂಟನೇ ತರಗತಿಗೆ ಓದು ಬಿಟ್ಟವಳು. ಈ ಶಾಲೆಯ ಕಸ, ಒಲೆ ಎರಡೂ ಅವಳದೇ. ಮಕ್ಕಳು ಮನೆಗೆ ಹೋದ ಮೇಲೆ ಅವರ ಪಠ್ಯಪುಸ್ತಕಗಳನ್ನೇ ಮತ್ತೆ ಮತ್ತೆ ಓದಿ ಎಲ್ಲ ಬಾಯಿಪಾಠವಾಗಿತ್ತು. ಪೆಟ್ಟಿಗೆಯ ಸುದ್ದಿ ಕೇಳಿದಾಗಿನಿಂದ, ಯಾರಿಗೂ ಹೇಳದೆ, ಅವಳೂ ಅದಕ್ಕಾಗಿ ಕಾದಿದ್ದಳು.

"ಬನ್ನಿ ಪುಟಾಣಿಗಳೇ, ಇದೇ ದಾರಿ. ಇದರ ಮೇಲೆ ನಡ್ಕೊಂಡು ಬನ್ನಿ." ವೆನೆರಾ ಫೋನು ಎತ್ತಿ ಹಿಡಿದಳು.

ಯಾರೂ ಏಳಲಿಲ್ಲ.

"ಅಕ್ಕಾ, ಅದು ರೊಟ್ಟಿ," ಎಂದಳು ಉಮ್ಸುನಾಯ್.

"ರೊಟ್ಟಿನೇ ಕಣಮ್ಮ. ಕಥೇಲಿ ಹಾಗೇ ಇರೋದು."

"ತುಳಿದ್ರೆ ರೊಟ್ಟಿ ಶಾಪ ತಟ್ಟುತ್ತೆ."

"ಕಲ್ಲು ಹಾಕ್ಬಹುದಿತ್ತಲ್ಲ," ಎಂದ ಹಿಂದಿನ ಬೆಂಚಿನ ತಲಾಸ್. "ನಮ್ಮಪ್ಪ ಕುರಿ ಮೇಯ್ಸೋಕೆ ಹೋದ್ರೆ ಕಲ್ಲೇ ಪೇರಿಸೋದು. ಅಷ್ಟೂ ಬುದ್ಧಿ ಇಲ್ವಾ ಆ ಅಣ್ಣಂಗೆ?"

ಮಕ್ಕಳು ಕಿಸಕ್ಕನೆ ನಕ್ಕರು. ವೆನೆರಾ ನಗಲಿಲ್ಲ, ಪಕ್ಕದಲ್ಲಿದ್ದ ತರಗತಿಯ ಟೀಚರತ್ತ ತಿರುಗಿದಳು. "ಕಲಿಪಾ ಅವ್ರೇ, ಇವರಿಗೆ ಕಥೆ ಅಂದ್ರೇನು ಅಂತಾನೇ ಗೊತ್ತಿಲ್ವಲ್ಲ. ಫೋಟೊ ಇಲ್ದೆ ನಾನು ಪೆಟ್ಟಿಗೆ ಇಳಿಸೋ ಹಾಗಿಲ್ಲ."

"ಕಾಗದ ಹರಿದು ಕೊಡ್ಲಾ?" ಬುರುಲಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಕಾಗದ ಫೋಟೊದಲ್ಲಿ ಕಸದ ಹಾಗೆ ಕಾಣುತ್ತೆ. ನಮ್ಮಜ್ಜೀನೂ ಹೀಗೇ ಆಡ್ತಿದ್ರು, ಒಂದು ಚೂರು ರೊಟ್ಟಿ ಬಿದ್ರೆ ಮನೆ ಬಿದ್ದ ಹಾಗೆ."

ಕಲಿಪಾ ಟೀಚರು ಚಿನ್ನದ ಹಲ್ಲು ಕಾಣುವಂತೆ ನಕ್ಕರು. ಬಿದ್ದ ರೊಟ್ಟಿಯನ್ನು ಎತ್ತಿ ಹಣೆಗೊತ್ತಿ ಎತ್ತರದ ಜಾಗದಲ್ಲಿಡಬೇಕೆಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳಿಕೊಡುತ್ತಿದ್ದವರು ಇವರೇ. ಬುರುಲಳಿಗೂ ಇವರೇ ಹೇಳಿಕೊಟ್ಟಿದ್ದು. "ನೋಡಿ ಮಕ್ಕಳೇ, ಏನೂ ಆಗಲ್ಲ," ಎಂದು ಅವರು ಬೂಟುಗಾಲು ಮುಂದಿಟ್ಟರು. ರೊಟ್ಟಿಯ ಹೊರಪದರ ಕಟಕ್ಕೆಂದಿತು.

ಬುರುಲಳ ಬಾಯೊಳಗೆ ಹುಳಿನೀರು ಬಂತು. ಸತ್ತ ಇಲಿ, ಕಟ್ಟಿಕೊಂಡ ಕಕ್ಕಸು, ಏನೆಲ್ಲ ಬಾಚಿದ ಕೈ ಅವಳದು. ಹೀಗೆ ಎಂದೂ ಆಗಿರಲಿಲ್ಲ. ಟೀಚರ ನಗು ಇನ್ನೂ ಮುಖದ ಮೇಲೆ ಎಣ್ಣೆಯಂತೆ ಅಂಟಿಕೊಂಡಿತ್ತು. ತಾನೂ ಸುಮ್ಮನೆ ನಿಂತದ್ದು ಯಾಕೆಂದು ಬುರುಲಳಿಗೆ ಗೊತ್ತಿತ್ತು. ಅವಳ ಕಣ್ಣು ಕಿಟಕಿಯಾಚೆಯ ಕಾರಿನ ಮೇಲಿತ್ತು.

ಉಮ್ಸುನಾಯ್ ಎದ್ದು ಬಂದಳು. ಮಂಡಿಯೂರಿ ಒಂದು ಚೂರು ಎತ್ತಿ, ಹಣೆಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡಳು. ತಲಾಸನೂ ಬಂದ. ಒಬ್ಬೊಬ್ಬರಾಗಿ ಎಲ್ಲರೂ ನೆಲಕ್ಕಿಳಿದರು. ಮಣ್ಣು, ಬೂದಿ, ಯಾರದೋ ಕೂದಲು ಅಂಟಿದ ಚೂರುಗಳನ್ನು ನುಂಗಿದರು.

"ಅಬ್ಬಾ, ಹಕ್ಕಿಗಳು," ಎಂದಳು ವೆನೆರಾ. ಅವಳ ಮುಖ ಅರಳಿತ್ತು. "ಕಥೇಲೂ ಹಕ್ಕಿಗಳೇ ಬಂದು ತಿನ್ನೋದು. ನಾನು ಹೇಳೋಕ್ ಮುಂಚೇನೇ ಎಷ್ಟು ಚೆನ್ನಾಗಿ ಮಾಡ್ತಿದಾರೆ ನೋಡಿ. ಇರಿ ಇರಿ, ಇನ್ನೊಂದ್ಸಲ." ಉಳಿದರ್ಧ ರೊಟ್ಟಿಯನ್ನು ಅವಳು ಮುರಿಯಹೋದಳು.

ಬುರುಲ್ ಮಸಿಗೈಯಲ್ಲೇ ಅದನ್ನು ಕಿತ್ತುಕೊಂಡಳು.

"ಏಯ್, ಕೈ ನೋಡ್ಕೋ. ನನ್ನ ತೋಳೆಲ್ಲ ಮಸಿ."

"ಸಾಕು. ಪೆಟ್ಟಿಗೆ ಬೇಕಾದ್ರೆ ತಗೊಂಡ್ಹೋಗಿ."

"ನಿನ್ನನ್ನ ಯಾರು ಕೇಳಿದ್ರೇ?" ಕಲಿಪಾ ಹಲ್ಲುಕಚ್ಚಿ ಪಿಸುಗುಟ್ಟಿದರು.

ವೆನೆರಾ ಫೋನಿನಲ್ಲಿ ಫೋಟೊಗಳನ್ನು ಹಿಂದೆಮುಂದೆ ಸರಿಸಿ ನೋಡಿದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಹೋಗುವಾಗ ಚಾಲಕ ಪೆಟ್ಟಿಗೆಯನ್ನು ಹೊಸ್ತಿಲಲ್ಲಿ ಇಳಿಸಿಹೋದ.

ಮಕ್ಕಳು ಕೋಟು ಹಾಕಿಕೊಂಡು ಹೊರಟರು. ಉಮ್ಸುನಾಯ್ ಮಾತ್ರ ಉಳಿದರ್ಧ ರೊಟ್ಟಿಯ ಗಂಟು ಹಿಡಿದು ಬುರುಲಳ ಹತ್ತಿರ ನಿಂತಳು.

"ಆಮೇಲೆ ಆ ಅಣ್ಣ ತಂಗಿ ಮನೆ ಸೇರಿದ್ರಾ?"

"ಗೊತ್ತಿಲ್ಲ ಕಣೇ," ಎಂದಳು ಬುರುಲ್. ಪೆಟ್ಟಿಗೆ ಅವಳ ಕಾಲಬುಡದಲ್ಲೇ ಇತ್ತು. ಅದರ ಹಗ್ಗ ಬಿಚ್ಚಲು ಕೈ ಹೋಗಲಿಲ್ಲ.

ಒಳಗೆ ಕಲಿಪಾ ಟೀಚರು ಒಂದು ಬೂಟು ಕಳಚಿ, ಹೇರ್‌ಪಿನ್ನಿನಿಂದ ಅಟ್ಟೆಯ ಸಂದುಗಳನ್ನು ಕೆರೆಯುತ್ತಿದ್ದರು. ಬಂದ ಪುಡಿಯನ್ನು ಅಂಗೈಯಲ್ಲಿ ಕೂಡಿಸಿ, ಮಕ್ಕಳ ಬೆಂಚು ಹತ್ತಿ, ಬೀರುವಿನ ತಲೆಯ ಮೇಲಿಡಲು ತುದಿಗಾಲಲ್ಲಿ ನಿಂತರು. ಕಾಲುಚೀಲದ ತೂತಿನಿಂದ ಹಿಮ್ಮಡಿ ಕಾಣುತ್ತಿತ್ತು. ಬೆಂಚು ಅಲುಗಾಡುತ್ತಿತ್ತು. ಬುರುಲ್ ಹೋಗಿ ಹಿಡಿಯಲಿಲ್ಲ.