ಕಡಲಡಿಯ ಬಸ್ಸು

ಆ ಪ್ರಕಾಶನದಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದುದು ಚಿತ್ರ ಬರೆಯುವ ಮೈದುನನೊಬ್ಬನಿಗೆ ಮಾತ್ರ. ಅವನು ಕರೆಯುವುದನ್ನು ಕೇಳಿ ಕೇಳಿ ಅಚ್ಚಿನವರು, ಕಟ್ಟು ಹಾಕುವವರು, ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಸಂಪಾದಕಿ ಕೂಡ ಅದನ್ನೇ ರೂಢಿ ಮಾಡಿಕೊಂಡಿದ್ದರು.

ಅವಳ ಗಂಡ ಕಥೆ ಬರೆಯುತ್ತಿದ್ದ, ಮೈದುನ ಚಿತ್ರ ಬಿಡಿಸುತ್ತಿದ್ದ, ಅವಳು ಬಣ್ಣ ತುಂಬುತ್ತಿದ್ದಳು. ಮನೆಮಂದಿಯೇ ಸೇರಿ ಹೊರಡಿಸಿದ ಆ ಕಾಮಿಕ್ಸಿನ ಹೆಸರು ‘ಕಡಲಡಿಯ ಬಸ್ಸು’. ಸಮುದ್ರದ ತಳದಲ್ಲಿ ಒಂದು ಹಳೇ ಬಸ್ಸು ಓಡುತ್ತದೆ. ತಿಂಗಳಿಗೊಂದು ಸ್ಟಾಪು, ಸ್ಟಾಪಿಗೊಬ್ಬ ಪ್ರಯಾಣಿಕ. ಅವನು ಹತ್ತುತ್ತಾನೆ, ಕಂಡಕ್ಟರಮ್ಮನ ಹತ್ತಿರ ತನ್ನ ಕಥೆ ಹೇಳಿಕೊಳ್ಳುತ್ತಾನೆ, ಇಳಿದು ಹೋಗುತ್ತಾನೆ. ಹೊಡೆದಾಟವಿಲ್ಲ, ಖಳನಾಯಕನಿಲ್ಲ. ಪುಸ್ತಕ ಓಡದೇ ಇರುವುದಕ್ಕೆ ಅದೇ ಕಾರಣ ಎಂದು ಬಲ್ಲವರು ಹೇಳುತ್ತಿದ್ದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಬರೆದಿಟ್ಟ ಕಥೆಗಳ ಫೈಲು ಮೈದುನನ ಬಳಿ ಇತ್ತು. ತಿಂಗಳಿಗೊಂದನ್ನು ಹೊರತೆಗೆದು ಅವನು ಚಿತ್ರ ಮಾಡುತ್ತಿದ್ದ.

ಉಳಿದ ಪುಸ್ತಕಗಳ ಬಣ್ಣವೆಲ್ಲ ಕಂಪ್ಯೂಟರಿಗೆ ಹೋಗಿ ಎಷ್ಟೋ ಕಾಲವಾಗಿದ್ದರೂ ಅತ್ತಿಗೆ ಕುಂಚ ಬಿಟ್ಟಿರಲಿಲ್ಲ. ದಿನವಿಡೀ ನೀಲಿಯನ್ನು ಕಲಸಿ, ತೆಳುಮಾಡಿ, ಒಂದರ ಮೇಲೊಂದು ಹರಡಿ ಹರಡಿ ಅವಳು ಅರ್ಧ ಆ ನೀರಿನೊಳಗೇ ಬದುಕುತ್ತಿದ್ದಳು. ಹಾಲು ಕಾಯಲು ಇಟ್ಟು ನಿಂತರೆ ಅಡುಗೆಮನೆಯ ಕಿಟಕಿಯ ಬೆಳಕು ಮೆಲ್ಲಗೆ ಹಸಿರಿಗೆ ತಿರುಗುತ್ತಿತ್ತು. ಬೀದಿಗಿಳಿದರೆ ಎದುರು ಬರುವ ಜನ ಮೊಣಕಾಲೆತ್ತಿ, ಭಾರವೇ ಇಲ್ಲದವರಂತೆ ತೇಲಿ ತೇಲಿ ನಡೆಯುತ್ತಿದ್ದರು. ಯಾರದೋ ಕೊಡೆ ಜೆಲ್ಲಿಮೀನಿನ ಹಾಗೆ ಅರಳಿ ಮುಚ್ಚುತ್ತಿತ್ತು. ಹಾಲು ಉಕ್ಕಿ ಒಲೆ ಆರಿದಾಗಲೇ ಅವಳಿಗೆ ಎಚ್ಚರ.

ಒಂದು ಬೆಳಿಗ್ಗೆ ಸಂಪಾದಕಿ ಇಬ್ಬರನ್ನೂ ಕರೆಸಿದರು. ಅಂಗಡಿಗಳಿಂದ ವಾಪಸ್ಸಾದ ಪುಸ್ತಕದ ಕಟ್ಟುಗಳು ಕಿಟಕಿಯ ಅರ್ಧದವರೆಗೂ ಏರಿ ಅವರ ಕೋಣೆ ಮಂಕಾಗಿತ್ತು.

“ಕೂತ್ಕೊಳ್ಳಿ ಅತ್ತಿಗೆ. ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ,” ಎಂದರು. “ಅಂಗಡಿಗಳಲ್ಲಿ ಕಾಮಿಕ್ಸ್ ಇಡೋ ಜಾಗವೇ ಕಮ್ಮಿ ಆಗ್ತಾ ಇದೆ. ಇರೋ ಜಾಗ ಓಡೋ ಪುಸ್ತಕಕ್ಕೆ. ನಿಮ್ಮ ಬಸ್ಸು ಹೋದಷ್ಟೇ ಬೇಗ ತಿರುಗಿ ಬರುತ್ತೆ. ಬೇರೆ ಯಾವ ಬಸ್ಸೂ ಇಷ್ಟು ಟೈಮಿಗೆ ಸರಿಯಾಗಿ ಬರಲ್ಲ ಬಿಡಿ.”

ಯಾರೂ ನಗಲಿಲ್ಲ. ಅವರೇ ಕನ್ನಡಕ ತೆಗೆದು ಒರೆಸಿಕೊಂಡರು.

“ನಿಲ್ಲಿಸ್ತೀರಾ?” ಎಂದಳು ಅತ್ತಿಗೆ.

“ನಿಲ್ಲಿಸಬೇಕು, ಇಲ್ಲಾ ಕಪ್ಪು ಬಿಳುಪಲ್ಲಿ ತರಬೇಕು. ಕಪ್ಪು ಬಿಳುಪಾದ್ರೆ ಆರು ತಿಂಗಳು ಎಳೀಬಹುದು. ಆಮೇಲಿಂದು ದೇವರಾಣೆ ನನಗೂ ಗೊತ್ತಿಲ್ಲ.”

ಮೈದುನ ಧಡಕ್ಕನೆ ಎದ್ದ. “ಬಣ್ಣ ಇಲ್ದೆ ಕಡಲಾ? ನಿಲ್ಲಿಸಿಬಿಡಿ ಮೇಡಂ. ಮರ್ಯಾದೆಯಾಗಿ ಮುಗಿಸೋಣ.”

“ಕಪ್ಪು ಬಿಳುಪಲ್ಲೇ ಬರಲಿ,” ಎಂದಳು ಅತ್ತಿಗೆ.

ಸಂಪಾದಕಿ ಅವಳ ಮುಖವನ್ನೇ ನೋಡಿದರು. “ಅದರಲ್ಲಿ ನಿಮಗೆ ಕೆಲಸ ಇರಲ್ಲ.”

“ಗೊತ್ತು.”

ಮೆಟ್ಟಿಲಿಳಿಯುವಾಗ ಮೈದುನ ಮುಖ ಊದಿಸಿಕೊಂಡಿದ್ದ. ಹಾಗೇಕೆ ಹೇಳಿದೆನೆಂದು ಅವಳಿಗೂ ಸರಿಯಾಗಿ ತಿಳಿಯಲಿಲ್ಲ. ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಕಂಡದ್ದು ಇಷ್ಟೇ: ನೀರಿನಡಿ ಒಂದು ಕಂಬ, ಅದರ ಪಕ್ಕದಲ್ಲಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿರುವ ಯಾರೋ ಒಬ್ಬರು.

ಬಣ್ಣವಿಲ್ಲದ ಮೊದಲ ಸಂಚಿಕೆ ಬಂದ ದಿನ ಅವಳು ಅದನ್ನು ನೋಡಲು ಅಂಗಡಿಗೆ ಹೋದಳು. ಗಂಡನ ಹಳೆಯ ಗೆಳೆಯನ ಅಂಗಡಿ ಅದು. ಒಂದು ಪಕ್ಕ ಬೀಗದ ಕೈ ಮಾಡುವವನು, ಇನ್ನೊಂದು ಪಕ್ಕ ಚಪ್ಪಲಿ ಹೊಲಿಯುವವನು. ಮೊದಲು ನಾಲ್ಕು ಗೋಡೆಗೂ ಕಾಮಿಕ್ಸೇ ಇರುತ್ತಿದ್ದವು. ಈಗ ಚಿತ್ರ ಅಂಟಿಸಿದ ಕಾಫಿ ಲೋಟಗಳೂ ಕೀಚೈನುಗಳೂ ಮೂರು ಗೋಡೆ ನುಂಗಿ ನಾಲ್ಕನೆಯದಕ್ಕೆ ಕೈ ಹಾಕಿದ್ದವು. ‘ಕಡಲಡಿಯ ಬಸ್ಸು’ ಮೂರೇ ಮೂರು ಪ್ರತಿ ಮೂಲೆಯಲ್ಲಿ ಒರಗಿಕೊಂಡಿತ್ತು.

“ಬೇಜಾರು ಮಾಡ್ಕೋಬೇಡಿ ಅಕ್ಕ. ಲೋಟ ಮಾರಿದ್ರೇನೇ ಈ ಮೂಲೆ ಉಳಿಯೋದು,” ಎಂದ ಅಂಗಡಿಯವನು.

ಅಷ್ಟರಲ್ಲಿ ಮೊಣಕೈವರೆಗೂ ಗ್ರೀಸು ಮೆತ್ತಿದ ಬೂದು ಸಮವಸ್ತ್ರದ ಒಬ್ಬ ಒಳಗೆ ಬಂದ. ಲಿಫ್ಟ್ ಮೆಕ್ಯಾನಿಕ್. ಕೈಯನ್ನು ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡು ಪುಸ್ತಕ ತೆರೆದವನು ಅಲ್ಲೇ ನಿಂತುಬಿಟ್ಟ.

“ಏನಿದು, ಕಡಲಲ್ಲಿ ಕರೆಂಟ್ ಹೋಗಿದೆಯಲ್ಲ!”

“ಬಣ್ಣ ಹಾಕ್ತಿದ್ದವರು ಇವರೇ. ಕೇಳಿ,” ಎಂದ ಅಂಗಡಿಯವನು.

ಮೆಕ್ಯಾನಿಕ್ ಪೆಚ್ಚಾದ. ಅವಳು ಕೈ ಚಾಚಿದಳು. ಪುಟ್ಟ ಬಣ್ಣದ ಡಬ್ಬಿ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. “ಕೊಡಿ ಇಲ್ಲಿ. ನಿಮಗೆ ಯಾವ ನೀರು ಬೇಕು?”

“ಯಾವ ನೀರು ಅಂದ್ರೆ?”

“ನೀವು ನೋಡಿರೋ ನೀರು ಯಾವುದಾದ್ರೂ ಸರಿ.”

ಅವನು ತಲೆ ಕೆರೆದುಕೊಂಡ. ಆಮೇಲೆ ಗುಟ್ಟು ಹೇಳುವವನ ಹಾಗೆ ದನಿ ಇಳಿಸಿದ. “ಲಿಫ್ಟಿನ ತಳದಲ್ಲಿ ಒಂದು ಹಳ್ಳ ಇರುತ್ತೆ ಮೇಡಂ. ಅಲ್ಲಿ ನೀರು ಜಿನುಗಿ ನಿಂತಿರುತ್ತೆ. ಟಾರ್ಚ್ ಬಿಟ್ರೆ ಒಂಥರಾ ಬಣ್ಣ ಕಾಣುತ್ತೆ. ಹಸಿರು ಅಲ್ಲ, ಬೂದೂ ಅಲ್ಲ. ಅಷ್ಟು ದೊಡ್ಡ ಕಟ್ಟಡ, ಅಷ್ಟೊಂದು ಜನ ಮೇಲೆ ಕೆಳಗೆ ಓಡಾಡ್ತಾರೆ. ಆ ನೀರು ನೋಡಿರೋನು ನಾನೊಬ್ಬನೇ. ಮನೇಲಿ ಹೇಳಿದ್ರೆ, ಮೊದ್ಲು ಕೈ ತೊಳ್ಕೊಂಡು ಬನ್ನಿ ಅಂತಾಳೆ ನನ್ನ ಹೆಂಡತಿ.”

ಅವಳು ಹಸಿರಿಗೆ ಬೂದು ಬೆರೆಸಿದಳು. ಅವನು ಅಲ್ಲವೆಂದು ತಲೆಯಾಡಿಸಿದ. ಚೂರೇ ಚೂರು ಹಳದಿ ತಾಕಿಸಿದಳು.

“ಇದೇ! ಇದೇ ನೋಡಿ!”

ಬಸ್ಸಿನ ಕಿಟಕಿಗಳ ಸುತ್ತ ಆ ನೀರು ಹರಡುತ್ತ ಹೋಯಿತು. ಅಗ್ಗದ ಕಾಗದ ಒಂದಿಷ್ಟು ಸುಕ್ಕುಗಟ್ಟಿತು. ಪುಟ ಒಣಗುವವರೆಗೂ ಅವನು ಸ್ಟೂಲಿನ ಮೇಲೆ ಕುಳಿತು, ಕೆಲಸ ಕಲಿಯುವ ಕಾಲದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಒಬ್ಬನೇ ಕೂತು ಒಂದೊಂದೇ ಮಹಡಿ ಏರಿಹೋದದ್ದನ್ನು ಹೇಳಿದ. ಪ್ರತಿ ಬಾಗಿಲ ಸಂದಿನಿಂದ ಬೇರೆ ಬೇರೆ ಮನೆಯ ಮಾತು ಕೇಳುತ್ತಿತ್ತಂತೆ.

ಅವನು ತನ್ನ ಜೊತೆ ಕೆಲಸ ಮಾಡುವವರಿಗೆ ಹೇಳಿರಬೇಕು. ಮುಂದಿನ ತಿಂಗಳು ನಾಲ್ಕು ಜನ ಬಂದರು, ಅದರ ಮುಂದಿನ ತಿಂಗಳು ಇನ್ನೂ ಕೆಲವರು. ಅಂಗಡಿಯವನು ಲೋಟಗಳನ್ನು ಸರಿಸಿ ಕಿಟಕಿಯ ಬಳಿ ಒಂದು ಮೇಜು ಹಾಕಿಕೊಟ್ಟ. ಕಣ್ಣಿನ ಆಸ್ಪತ್ರೆಯ ನರ್ಸೊಬ್ಬಳಿಗೆ, ಕಟ್ಟು ಬಿಚ್ಚಿದ ಕೂಡಲೇ ರೋಗಿಗಳಿಗೆ ಕಾಣುವಂಥ ನೀರು ಬೇಕಿತ್ತು. “ಕಲಸಿಹೋದ ಬಿಳಿ, ಅದರೊಳಗೆ ಒಂದು ಗುಲಾಬಿ ಅಂತ ಎಲ್ರೂ ಹೇಳ್ತಾರೆ,” ಎಂದಳು. ಮಾತು ಕಡಿಮೆಯ ಒಬ್ಬ ಮುದುಕರು ಬೆರಳಿಂದ ತಮ್ಮ ಅಂಗಿಯ ತೋಳು ತೋರಿಸಿದರು. ನೂರು ಸಲ ಒಗೆದ ನೀಲಿ ಅದು. ಅವಳು ಕೇಳುತ್ತಿದ್ದಳು, ಕಲಸುತ್ತಿದ್ದಳು. ಹೊರಗೆ ಬೀಗದವನ ಅರದ ಸದ್ದು ದೂರದ ನೀರಿನಾಳದಿಂದ ಬಂದಂತೆ ಕೇಳುತ್ತಿತ್ತು. ಸಂಪಾದಕಿ ಕುಣಿದಾಡುವಷ್ಟೇನೂ ಪ್ರತಿ ಖರ್ಚಾಗಲಿಲ್ಲ. ಆ ಅಂಗಡಿಯಿಂದ ಮಾತ್ರ ಕಟ್ಟು ವಾಪಸ್ಸು ಹೋಗುವುದು ನಿಂತಿತು.

ನಾಲ್ಕು ಸಂಚಿಕೆ ಹೀಗೆ ಹೋದವು. ಐದನೆಯದರ ಪುಟಗಳು ಅಚ್ಚಿಗೆ ಬರಲೇ ಇಲ್ಲ. ಫೋನು ಮಾಡಿದರೆ ಮೈದುನ ಎತ್ತಲಿಲ್ಲ. ಮಧ್ಯಾಹ್ನ ಅವಳೇ ಅವನ ಕೋಣೆಗೆ ಹೋದಳು. ಅವನು ಖಾಲಿ ಹಾಳೆಯ ಮುಂದೆ ಕೈಕಟ್ಟಿ ಕುಳಿತಿದ್ದ. ಮಸಿಕುಡಿಕೆಯ ಮುಚ್ಚಳ ಕೂಡ ತೆಗೆದಿರಲಿಲ್ಲ.

“ಏನಾಯ್ತೋ?”

ಅವನು ಫೈಲನ್ನು ಅವಳತ್ತ ತಳ್ಳಿದ. ಒಳಗೆ ಏನೂ ಇರಲಿಲ್ಲ.

“ಅಣ್ಣ ಬರೆದಿಟ್ಟಿದ್ದು ಮುಗೀತು ಅತ್ತಿಗೆ. ಅವತ್ತು ನಿಲ್ಲಿಸಿಬಿಡಿ ಅಂದೆನಲ್ಲ, ಅದು ಬಣ್ಣಕ್ಕಲ್ಲ. ಆಗಲೇ ನಾಲ್ಕೇ ಕಥೆ ಉಳಿದಿತ್ತು. ಸುಮ್ನೆ ಕಡಲು ಗಿಡಲು ಅಂತ ಕೂಗಾಡಿದೆ.”

“ಮೊದ್ಲೇ ಹೇಳ್ಬಾರದಿತ್ತಾ?”

“ಹೇಳಿದ್ರೆ ಅಣ್ಣ ಇನ್ನೊಂದು ಸಲ ಹೋದ ಹಾಗೆ ಆಗ್ತಿತ್ತು.”

ಅವಳು ಫೈಲನ್ನು ಎತ್ತಿಕೊಂಡಳು. ಫೈಲಿನ ಒಳರಟ್ಟಿನ ಮೇಲೆ ಗಂಡ ಪೆನ್ನು ಓಡುತ್ತದೋ ಇಲ್ಲವೋ ಎಂದು ಗೀಚಿ ನೋಡಿದ ಸುರುಳಿ ಸುರುಳಿ ಗೆರೆಗಳಿದ್ದವು. ಅವುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತಳು. ಕಿಟಕಿಯ ಬಿಸಿಲು ನೆಲದ ಮೇಲೆ ಅಲುಗಾಡುತ್ತಿತ್ತು. ಕೋಣೆಯೇ ಸದ್ದಿಲ್ಲದೆ ಹೊರಟು ಎಲ್ಲಿಗೋ ಸಾಗುತ್ತಿರುವಂತೆ ಅವಳಿಗೆ ಅನ್ನಿಸಿತು.

“ಬರ್ಕೋ,” ಎಂದಳು. “ಈ ಸ್ಟಾಪಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಹತ್ತುತ್ತಾನೆ.”

“ಕಡಲಡೀಲಿ ಲಿಫ್ಟಾ ಅತ್ತಿಗೆ?”

“ಯಾಕೆ, ಮೇಲಕ್ಕೆ ಹೋಗೋರು ಇರಲ್ವಾ? ಅವನು ಲಿಫ್ಟಿನ ನೆತ್ತಿ ಮೇಲೆ ಕೂತ್ಕೊಂಡು ಹೋಗ್ತಾನೆ. ಒಂದೊಂದು ಮಹಡೀಲೂ ಬಾಗಿಲ ಸಂದಿಯಿಂದ ಒಂದೊಂದು ಮಾತು ಕೇಳುತ್ತೆ.”

ಮೈದುನ ಎಷ್ಟೋ ದಿನಗಳ ನಂತರ ನಕ್ಕ. ಮುಚ್ಚಳ ತಿರುಗಿಸಿದ. ನೀರಿನ ಜಾಗಕ್ಕೆ ಬಂದಾಗ ಕೈ ತಡೆದು, “ಇಲ್ಲಿ ಹೇಗೆ?” ಎಂದು ಕೇಳಿದ. ಟಾರ್ಚಿನ ಬೆಳಕು ಬಿದ್ದ ನಿಂತ ನೀರು, ಮೇಲೆ ತೆಳ್ಳಗೆ ಎಣ್ಣೆಯ ಪೊರೆ, ಎಂದಳು ಅವಳು. ಅವನು ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆದ. ನಡುನಡುವೆ ಕಾಗದದ ಬಿಳಿಯನ್ನು ಹಾಗೇ ಬಿಟ್ಟ. ಕಪ್ಪು ಮಸಿಯೊಳಗಿಂದ ಆ ಬಣ್ಣ ಬರುವುದನ್ನು ಅವಳು ಬಗ್ಗಿ ನೋಡಿದಳು. ಮುಂದಿನ ತಿಂಗಳು ಕಣ್ಣಿಗೆ ಕಟ್ಟು ಹಾಕಿಕೊಂಡವರೊಬ್ಬರು ಬಸ್ಸು ಹತ್ತಿದರು.

ಆರು ತಿಂಗಳು ತುಂಬಿದಾಗ ಸಂಪಾದಕಿ ಮತ್ತೆ ಕರೆಸಿದರು. ಪಕ್ಕದ ಮೇಜು ಖಾಲಿಯಾಗಿತ್ತು. ಮಕ್ಕಳ ಪತ್ತೇದಾರಿ ಕಾಮಿಕ್ಸ್ ನೋಡಿಕೊಳ್ಳುತ್ತಿದ್ದವರು ಆ ಪುಸ್ತಕ ನಿಂತಾಗ ಅದರ ಜೊತೆಗೇ ಕೆಲಸ ಬಿಟ್ಟು ಹೋಗಿದ್ದರು.

“ತಿಂಗಳು ತಿಂಗಳು ತರೋದು ಇನ್ನು ಆಗಲ್ಲ ಅತ್ತಿಗೆ,” ಎಂದರು. “ಮೂರು ತಿಂಗಳಿಗೊಂದು. ಕೇಳಿದ ಅಂಗಡಿಗೆ ಮಾತ್ರ. ಅದೂ ಎಷ್ಟು ದಿನ ಅಂತ ನನ್ನ ಕೇಳ್ಬೇಡಿ. ಮುಂದಿನ ವರ್ಷ ಈ ಕುರ್ಚೀಲಿ ನಾನೇ ಇರ್ತೀನೋ ಇಲ್ವೋ.” ಮತ್ತೆ ಕೊನೆಯ ಎರಡು ಸಂಚಿಕೆಗಳ ಮೇಲೆ ಕೈಯಿಟ್ಟು, “ಇದನ್ನ ಮನೆಗೆ ತಗೊಂಡ್ಹೋಗಿ ಎರಡು ಸಲ ಓದಿದೆ. ನಿಮ್ಮವರು ಬರೆದಿದ್ದಲ್ಲ ಇದು. ಅವರು ಇಷ್ಟು ತಮಾಷೆ ಮಾಡ್ತಿರಲಿಲ್ಲ,” ಎಂದರು.

“ಅತ್ತಿಗೆ ಬರೆದಿದ್ದು,” ಎಂದ ಮೈದುನ.

“ನಾನೆಲ್ಲಿ ಬರೆದೆ? ಬಾಯಲ್ಲಿ ಹೇಳಿದೆ ಅಷ್ಟೇ.”

“ಹಾಗಾದ್ರೆ ಈಗ ಬರೀರಿ,” ಎಂದರು ಸಂಪಾದಕಿ. “ಮೂರು ತಿಂಗಳು ಟೈಮಿದೆಯಲ್ಲ.”

ಮರುದಿನ ಬೆಳಿಗ್ಗೆ ಅವಳು ಗಂಡನ ಮೇಜಿನ ಮೇಲಿಂದ ಎರಡೂವರೆ ವರ್ಷದ ಧೂಳು ಒರೆಸಿದಳು. ಅದರ ಮೇಲೆ ಪೇರಿಸಿದ್ದ ಇಸ್ತ್ರಿ ಬಟ್ಟೆ, ಕೆಟ್ಟ ಗಡಿಯಾರ, ಹಳೇ ಪತ್ರಿಕೆಗಳನ್ನೆಲ್ಲ ಎತ್ತಿ ಮಂಚಕ್ಕೆ ಹಾಕಿದಳು. ಕುರ್ಚಿ ಅವಳಿಗೆ ಎತ್ತರವಾಯಿತು. ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡಳು. ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿ ಕರೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎರಡು ಹಾಳೆ ತುಂಬಿದ್ದವು. ಮೊದಲನೆಯದನ್ನು ಓದಿ, ಮೂಗು ಮುರಿದು, ಹರಿದು ಹಾಕಿದಳು. ಎರಡನೆಯದನ್ನು ಮೈದುನನಿಗೆ ತೋರಿಸಲೆಂದು ಮಡಿಸಿ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.